ಕಾಟಾ ಚೀಟಿಯಿಂದ ಖಾತೆಯವರೆಗೆ



ಅಥಣಿ, ಕಾಗವಾಡ, ರಾಯಬಾಗದ ಕಡೆ ಪಿಯುಸಿ ಕಾಮರ್ಸ್ ಪಾಸಾದ ಮಕ್ಕಳಿರುವ ಮನೆಗಳಲ್ಲಿ ಬೇಸಿಗೆ ಬಂತೆಂದರೆ ಒಂದೇ ಚರ್ಚೆ. ಬಿ.ಕಾಂ.ಗೆ ಹಚ್ಚುವುದೋ, ಬಿಸಿಎಗೆ ಹಚ್ಚುವುದೋ? ಲೆಕ್ಕ ಕಲಿತರೆ ಸಂಘ, ಬ್ಯಾಂಕು, ಸಿ.ಎ. ಆಫೀಸು. ಕಂಪ್ಯೂಟರ್ ಕಲಿತರೆ ಪುಣೆ, ಬೆಂಗಳೂರು. ಎರಡೂ ಬೇರೆ ಬೇರೆ ದಾರಿ ಎಂದೇ ಹಿರಿಯರ ನಂಬಿಕೆ. ಆದರೆ ಇವೆರಡನ್ನೂ ಕೂಡಿಸಿ ಒಂದೇ ವಿಷಯವಾಗಿ ಕಲಿಸುವ ವಿಶ್ವವಿದ್ಯಾಲಯಗಳಿವೆ. ನೆರೆಯ ಢಾಕಾದಲ್ಲಿದೆ, ಅಮೆರಿಕದ ರಟ್ಗರ್ಸ್‌ನಲ್ಲಿದೆ. ಲೆಕ್ಕಶಾಸ್ತ್ರ ಮತ್ತು ಮಾಹಿತಿ ವ್ಯವಸ್ಥೆ ಎಂದು ವಿಭಾಗದ ಹೆಸರು. ಬಿ.ಕಾಂ. ಓದುತ್ತ ಸಂಜೆ ಹೊತ್ತು ಟ್ಯಾಲಿ ಕ್ಲಾಸಿಗೆ ಹೋದರೆ ಇದೇ ಆಯಿತಲ್ಲ ಎನ್ನುವವರಿದ್ದಾರೆ. ಆಗುವುದಿಲ್ಲ. ಯಾಕೆಂದು ಹೇಳಲು ನಮ್ಮ ಕಬ್ಬಿನ ಬಿಲ್ಲನ್ನೇ ಹಿಡಿಯೋಣ.

ಹಂಗಾಮಿನಲ್ಲಿ ಎರಡು ಡಬ್ಬಿ ಕಟ್ಟಿದ ಟ್ರ್ಯಾಕ್ಟರ್ ಕಾರ್ಖಾನೆಯ ಕಾಟಾ ಮೇಲೆ ಬಂದು ನಿಲ್ಲುತ್ತದೆ. ತುಂಬಿದ ಗಾಡಿಯ ತೂಕ ಕಂಪ್ಯೂಟರಿಗೆ ಹೋಗುತ್ತದೆ. ಕಬ್ಬು ಇಳಿಸಿ ಮರಳಿ ಬಂದಾಗ ಖಾಲಿ ಗಾಡಿಯ ತೂಕ. ಕಳೆದು ಉಳಿದದ್ದು ರೈತನ ಕಬ್ಬು. ಅದರ ಬೆನ್ನಿಗೆ ರೈತನ ಕೋಡ್ ನಂಬರು, ನೋಂದಣಿಯಾದ ಹೊಲ, ನಾಟಿಯೋ ಕುಳೆಯೋ, ಕಡಿದ ಗ್ಯಾಂಗ್ ಯಾವುದು, ಗಾಡಿ ಯಾರದು, ಇಷ್ಟೂ ಅಂಟಿಕೊಳ್ಳುತ್ತವೆ. ಆಮೇಲೆ ದರ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಮಾಡಿದ ಎಫ್‌ಆರ್‌ಪಿ, ಅಂದರೆ ನ್ಯಾಯಯುತ ಮತ್ತು ಲಾಭದಾಯಕ ದರ, ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ 355 ರೂಪಾಯಿ. ಇಳುವರಿ ಏರಿದರೆ ದರವೂ ಏರುತ್ತದೆ. ಹೀಗೆ ಒಂದೇ ಬಿಲ್ಲಿನ ಒಂದು ಅಂಕಿ ಕಾಟಾದಲ್ಲಿ ಹುಟ್ಟುತ್ತದೆ, ಇನ್ನೊಂದು ಲ್ಯಾಬಿನಲ್ಲಿ, ಮತ್ತೊಂದು ದಿಲ್ಲಿಯಲ್ಲಿ. ಕಟಾವು, ಸಾಗಣೆಯ ಖರ್ಚು ಮುರಿದುಕೊಳ್ಳುತ್ತಾರೆ. ಪಿಕೆಪಿಎಸ್, ಅಂದರೆ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಸಾಲದ ವಸೂಲಿಯನ್ನೂ ಎಷ್ಟೋ ಕಡೆ ಇದರಲ್ಲೇ ಮುರಿಯುತ್ತಾರೆ. ಮಿಕ್ಕಿದ್ದು ಬ್ಯಾಂಕಿಗೆ. 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿಯ ಮುಖ ಎಷ್ಟು ರೈತರು ನೋಡಿದ್ದಾರೆ ಎಂಬುದು ಬೇರೊಂದು ಭಾಷಣದ ವಿಷಯ.

ಈಗ, ಟೈಪ್ ಮಾಡುವಾಗ 4127 ಎಂಬ ಕೋಡು 4172 ಆಯಿತೆನ್ನಿ. ಒಬ್ಬರ ಕಬ್ಬು ಇನ್ನೊಬ್ಬರ ಖಾತೆಗೆ ಜಮಾ. ಸಂಜೆ ಅಕೌಂಟೆಂಟ್ ಲೆಕ್ಕ ಕೂಡಿಸುತ್ತಾರೆ. ಟನ್ನು ಸರಿ, ರೂಪಾಯಿ ಸರಿ, ಟ್ರಯಲ್ ಬ್ಯಾಲೆನ್ಸ್ ಒಂದು ಪೈಸೆ ಆಚೀಚೆ ಇಲ್ಲದೆ ತಾಳೆಯಾಗುತ್ತದೆ. ಲೂಕಾ ಪಾಚೊಲಿ 1494ರಲ್ಲಿ ವೆನಿಸ್‌ನಲ್ಲಿ ಅಚ್ಚು ಹಾಕಿಸಿ ಜಗತ್ತಿಗೆ ತಿಳಿಸಿದ ಜೋಡಿ ನಮೂದಿನ ಪದ್ಧತಿ ಕೂಡುವ ತಪ್ಪನ್ನು ಹಿಡಿಯುತ್ತದೆ, ಹೆಸರಿನ ತಪ್ಪನ್ನು ಹಿಡಿಯುವುದಿಲ್ಲ. ಇದಕ್ಕೆ ಮದ್ದು ಇರುವುದು ಮಾಹಿತಿ ವ್ಯವಸ್ಥೆಯ ಪಾಠದಲ್ಲಿ. ಕೋಡಿನ ಕೊನೆಗೆ ಒಂದು ತಪಾಸಣೆ ಅಂಕಿ ಸೇರಿಸುತ್ತಾರೆ. ಉಳಿದ ಅಂಕಿಗಳನ್ನು ಒಂದು ಸೂತ್ರಕ್ಕೆ ಹಾಕಿದರೆ ಆ ಅಂಕಿಯೇ ಬರಬೇಕು, ಬಾರದಿದ್ದರೆ ಕಂಪ್ಯೂಟರ್ ಆ ಕೋಡನ್ನು ಒಪ್ಪುವುದೇ ಇಲ್ಲ. ನಿಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿ ಅಂಥದ್ದು. ಅದರ ಸೂತ್ರವನ್ನು ನೆದರ್ಲೆಂಡ್ಸ್‌ನ ವೆರ್‌ಹೋಫ್ ಎಂಬ ಗಣಿತಜ್ಞ 1969ರಲ್ಲಿ ಕೊಟ್ಟ. ಪಕ್ಕದ ಎರಡು ಅಂಕಿ ಅದಲುಬದಲಾದರೆ ಅದು ತಪ್ಪದೆ ಹಿಡಿಯುತ್ತದೆ. ಜಿಎಸ್‌ಟಿ ನಂಬರಿನ ಕೊನೆಗೂ ಇಂಥದ್ದೇ ಒಂದು ಅಕ್ಷರವೋ ಅಂಕಿಯೋ ಇರುತ್ತದೆ. ಬರೀ ಲೆಕ್ಕ ಓದಿದವರಿಗೆ ಈ ಮದ್ದು ಗೊತ್ತಿರುವುದಿಲ್ಲ. ಬರೀ ಪ್ರೋಗ್ರಾಮ್ ಬರೆಯುವವರಿಗೆ ಮದ್ದು ಗೊತ್ತು, ರೋಗ ಎಲ್ಲಿದೆ ಎಂದು ಗೊತ್ತಿರುವುದಿಲ್ಲ.

ಈ ವಿಷಯಕ್ಕೆ ಗಟ್ಟಿ ತಳಪಾಯ ಹಾಕಿದವರಲ್ಲಿ ಅಮೆರಿಕದ ವಿಲಿಯಂ ಮೆಕಾರ್ಥಿ ಒಬ್ಬರು. 1982ರಲ್ಲಿ ಅವರೊಂದು ಲೇಖನ ಬರೆದರು. ಡೆಬಿಟ್, ಕ್ರೆಡಿಟ್ ಎಂದು ಮೊದಲೇ ವಿಂಗಡಿಸಿ ಬರೆದಿಡುವ ಬದಲು ಯಾವ ವಸ್ತು, ಯಾವ ಘಟನೆ, ಯಾರು ಯಾರ ನಡುವೆ ಎಂಬುದನ್ನು ಇದ್ದಹಾಗೆ ದಾಖಲಿಸಿ, ಲೆಕ್ಕದ ಪುಸ್ತಕ ಆಮೇಲೆ ಅದರಿಂದ ತಾನೇ ಮೂಡಿಬರುತ್ತದೆ ಎಂಬುದು ಅವರ ವಾದ. ವಸ್ತು ಕಬ್ಬು, ಘಟನೆ ತೂಕ, ಜನ ಎಂದರೆ ರೈತ, ಗ್ಯಾಂಗ್, ಗಾಡಿಯವ. ಹೀಗೆ ಇಟ್ಟರೆ ರೈತನ ಬಿಲ್ಲು, ಗ್ಯಾಂಗಿನ ಕೂಲಿ, ಗಾಡಿಯ ಬಾಡಿಗೆ ಮೂರೂ ಒಂದೇ ಕಾಟಾ ಚೀಟಿಯಿಂದ ಹೊರಡುತ್ತವೆ. ಮೂರು ಕಡೆ ಮೂವರು ಕೂತು ಬರೆದರೆ ಮೂರು ತೂಕ ಬರುತ್ತವೆ. ಇದನ್ನು ಹಳಬರಿಗೆ ಬಿಡಿಸಿ ಹೇಳಬೇಕಿಲ್ಲ.

ಅಥಣಿಯ ಚಪ್ಪಲಿಯದೂ ಒಂದು ಪಾಠವಿದೆ. ಜೋಡಿಗೆ 800 ರೂಪಾಯಿಯ ಚಪ್ಪಲಿಗೆ 2021ರ ಡಿಸೆಂಬರ್ ಮುಗಿಯುವವರೆಗೆ ಜಿಎಸ್‌ಟಿ ಶೇ 5. 2022ರ ಜನವರಿ 1ರಿಂದ ಶೇ 12. 2025ರ ಸೆಪ್ಟೆಂಬರ್ 22ರಿಂದ ಮತ್ತೆ ಶೇ 5. ದರ ಬದಲಾದಾಗ ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ಸಾಫ್ಟ್‌ವೇರ್ ಇದ್ದರೆ, ಡಿಸೆಂಬರಿನಲ್ಲಿ ಮಾರಿದ ಮಾಲು ಫೆಬ್ರುವರಿಯಲ್ಲಿ ವಾಪಸ್ ಬಂದಾಗ ಲೆಕ್ಕ ಹಾಳು. ದರದ ಜೊತೆ ಅದು ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದನ್ನೂ ಇಡಬೇಕು. ಇಷ್ಟೇ ವಿಷಯ. ಆದರೆ ವ್ಯವಸ್ಥೆ ಕಟ್ಟುವ ದಿನ ಇದನ್ನು ಕೇಳುವ ಒಬ್ಬರು ಅಲ್ಲಿರಬೇಕು.

ಕೇಳದೆ ಬಿಟ್ಟರೆ ಏನಾಗುತ್ತದೆ? 2018ರ ಫೆಬ್ರುವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕ್ ತನ್ನ ಮುಂಬೈ ಶಾಖೆಯೊಂದರಲ್ಲಿ 11,000 ಕೋಟಿ ರೂಪಾಯಿಗೂ ಮೀರಿದ ವಂಚನೆ ನಡೆದಿದೆ ಎಂದು ತಾನೇ ಷೇರುಪೇಟೆಗೆ ತಿಳಿಸಿತು. ನೀರವ್ ಮೋದಿ ಪ್ರಕರಣ ಎಂದರೆ ಎಲ್ಲರಿಗೂ ನೆನಪಾಗುತ್ತದೆ. ವಿದೇಶಿ ವ್ಯವಹಾರಕ್ಕೆ ಜಾಮೀನು ನಿಲ್ಲುವ ಸಂದೇಶಗಳು ಸ್ವಿಫ್ಟ್ ಜಾಲದಲ್ಲಿ ಹೋಗುತ್ತಿದ್ದವು. ಬ್ಯಾಂಕಿನ ಲೆಕ್ಕ ಇರುತ್ತಿದ್ದದ್ದು ಕೋರ್ ಬ್ಯಾಂಕಿಂಗ್ ಸಾಫ್ಟ್‌ವೇರಿನಲ್ಲಿ. ಎರಡರ ನಡುವೆ ಕೊಂಡಿ ಇರಲಿಲ್ಲ. ಸಂದೇಶ ಹೋಯಿತು, ಹೊಣೆ ಹುಟ್ಟಿತು, ಖಾತೆಯಲ್ಲಿ ಮಾತ್ರ ನಮೂದಿಲ್ಲ. ಖಾತೆ ಪುಸ್ತಕವನ್ನಷ್ಟೇ ತಿರುವಿ ನೋಡಿದ ಆಡಿಟರಿಗೆ ಅಲ್ಲಿ ಕಾಣುವಂಥದ್ದೇನೂ ಇರಲಿಲ್ಲ. ಎರಡನ್ನೂ ಜೋಡಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಗಡುವು ಕೊಟ್ಟದ್ದು ಆಮೇಲೆ.

ಈಗ ಕಾನೂನೂ ಇತ್ತ ತಿರುಗಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್, ಯಾವ ನಮೂದನ್ನು ಯಾವಾಗ ತಿದ್ದಲಾಯಿತು ಎಂಬುದನ್ನು ತಾನೇ ಬರೆದಿಡಬೇಕು. ಆ ದಾಖಲೆಯನ್ನು ಬಂದ್ ಮಾಡಲು ಬರಬಾರದು. ಅದು ನಿಜಕ್ಕೂ ವರ್ಷವಿಡೀ ನಡೆಯಿತೇ ಎಂದು ಆಡಿಟರ್ ವರದಿಯಲ್ಲಿ ಹೇಳಬೇಕು. ಹೇಳಬೇಕೆಂದರೆ ಸಾಫ್ಟ್‌ವೇರಿನ ಒಳಗೆ ಇಣುಕಲು ಗೊತ್ತಿರಬೇಕಲ್ಲ!

ಟ್ಯಾಲಿಯನ್ನು ಹಗುರ ಮಾಡಿ ಮಾತಾಡಿದೆ ಎಂದು ಯಾರೂ ಬೇಸರಪಡಬಾರದು. ಅದು ನಮ್ಮ ಬೆಂಗಳೂರಿನದೇ. ಶ್ಯಾಮ್ ಸುಂದರ್ ಗೋಯೆಂಕಾ ಗಿರಣಿಗಳಿಗೆ ಸಾಮಾನು ಪೂರೈಸುವ ವ್ಯಾಪಾರ ಮಾಡುತ್ತಿದ್ದರು. ತಮ್ಮ ಲೆಕ್ಕಕ್ಕೆ ಸರಿಹೊಂದುವ ಸಾಫ್ಟ್‌ವೇರ್ ಸಿಗದೆ ಮಗ ಭರತ್‌ಗೆ ಬರೆಯಲು ಹೇಳಿದರು. 1986ರಲ್ಲಿ ಕಂಪನಿ ಶುರುವಾಯಿತು. ಆಗಿನ ಸಾಫ್ಟ್‌ವೇರುಗಳಲ್ಲಿ ಪ್ರತಿ ಖಾತೆಗೊಂದು ಕೋಡು ಉರುಹಚ್ಚಬೇಕಿತ್ತು. ಟ್ಯಾಲಿಯಲ್ಲಿ ಖಾತೆಯ ಹೆಸರನ್ನೇ ಬರೆದರೆ ಸಾಕು. ಕೀರ್ದಿ, ಖತಾವಣಿ ಬರೆದು ಬಲ್ಲ ಗುಮಾಸ್ತ ಕಂಪ್ಯೂಟರಿಗೆ ಹೆದರದೆ ಕೂತದ್ದು ಇದರಿಂದ. ಲೆಕ್ಕ ಬಲ್ಲ ತಂದೆ, ಪ್ರೋಗ್ರಾಮ್ ಬಲ್ಲ ಮಗ ಒಂದೇ ಮನೆಯಲ್ಲಿದ್ದರು, ಸಾಧ್ಯವಾಯಿತು. ಕಾಲೇಜುಗಳಲ್ಲಿ ಕಾಮರ್ಸಿನವರು ಒಂದು ಕಟ್ಟಡ, ಬಿಸಿಎದವರು ಇನ್ನೊಂದು ಕಟ್ಟಡ ಆಗಿರುವುದೇ ನನ್ನ ತಕರಾರು.

ಹಾಗಾದರೆ ನಮ್ಮ ಕಡೆಯ ಮಕ್ಕಳು ಏನು ಮಾಡಬೇಕು? ಢಾಕಾಕ್ಕೆ ಹೋಗಬೇಕಿಲ್ಲ. ಬಿ.ಕಾಂ. ಓದುವವರು ಡೇಟಾಬೇಸ್ ಕಲಿಯಲಿ. ಎಸ್‌ಕ್ಯುಎಲ್‌ನಲ್ಲಿ ಪ್ರಶ್ನೆ ಕೇಳಿ ಲಕ್ಷ ನಮೂದುಗಳಿಂದ ಎರಡು ಸಲ ಪಾವತಿಯಾದ ಬಿಲ್ಲು ಹುಡುಕುವಷ್ಟು ಬಂದರೆ ಸಾಕು. ಬಿಸಿಎದವರು ಒಂದು ಅಂಗಡಿಯ ಲೆಕ್ಕವನ್ನು ಕೀರ್ದಿಯಿಂದ ಬ್ಯಾಲೆನ್ಸ್ ಶೀಟಿನವರೆಗೆ ಒಮ್ಮೆ ಕೈಯಿಂದ ಬರೆಯಲಿ. ಮುಂದೆ ಸಿ.ಎ. ಆದವರಿಗೆ ಮಾಹಿತಿ ವ್ಯವಸ್ಥೆಯ ಆಡಿಟ್ ಕುರಿತು ಅವರ ಸಂಸ್ಥೆಯದೇ ಕೋರ್ಸ್ ಇದೆ. ಸಿಐಎಸ್‌ಎ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯೂ ಇದೆ.

ಕೆಲಸವೂ ಊರಲ್ಲೇ ಇದೆ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ಸಾಫ್ಟ್‌ವೇರಿಗೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹೊಣೆ ನಬಾರ್ಡಿನದು. ಗದಗದ ಹತ್ತಿರ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರು ಶುರುಮಾಡಿದ ಸಹಕಾರದ ಲೆಕ್ಕ ಈಗ ಲೆಡ್ಜರಿನಿಂದ ಕಂಪ್ಯೂಟರಿಗೆ ಏರುತ್ತಿದೆ. ಅದರಲ್ಲಿ ಕಂಪ್ಯೂಟರ್ ಕೊಳ್ಳುವುದು ಸಣ್ಣ ಕೆಲಸ. ಒಬ್ಬೊಬ್ಬ ಸದಸ್ಯನ ಷೇರು, ಅಸಲು, ಬಡ್ಡಿ, ಸುಸ್ತಿ ಬಾಕಿಯನ್ನು ಹಳೆಯ ಪುಸ್ತಕದಿಂದ ಎತ್ತಿ, ಒಟ್ಟು ಮೊತ್ತವಷ್ಟೇ ಅಲ್ಲದೆ ಹೆಸರು ಹೆಸರಿಗೂ ತಾಳೆ ನೋಡಿ, ಸೆಕ್ರೆಟರಿಯ ಸಹಿ ಪಡೆದು ಸಾಫ್ಟ್‌ವೇರಿಗೆ ತುಂಬುವುದು ದೊಡ್ಡ ಕೆಲಸ. ಬರುವ ರಜೆಯಲ್ಲಿ ನಿಮ್ಮೂರಿನ ಪಿಕೆಪಿಎಸ್‌ಗೆ ಹೋಗಿ ಸೆಕ್ರೆಟರಿಯವರನ್ನು ಕೇಳಿ ನೋಡಿ, ಹಳೆಯ ಬಾಕಿ ಎಲ್ಲಿಯವರೆಗೆ ಏರಿಸಿದ್ದೀರಿ ಎಂದು.