ಅತಿಥಿಗೆ ಬಿಟ್ಟುಕೊಟ್ಟ ಪೀಠ



ಅತಿಥಿ ಕಲಾವಿದರಿಗೆ ಆಲ್ಬಂಗಳಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೆರಡು ಹಾಡು. 1970ರ ಮೇ ತಿಂಗಳಲ್ಲಿ ಲಾಸ್ ಏಂಜಲಿಸ್‌ನ ಬ್ಲೂಸ್-ರಾಕ್ ತಂಡ ‘ಕ್ಯಾನ್ಡ್ ಹೀಟ್’ ಮಾಡಿದ್ದೇ ಬೇರೆ.

ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ನೋವು ನಲಿವಿನ ಹಾಡು. ಮಿಸಿಸಿಪ್ಪಿಯಲ್ಲಿ ಹುಟ್ಟಿ, ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ದುಡಿದ ಜಾನ್ ಲೀ ಹೂಕರ್ 1948ರಲ್ಲಿ ಧ್ವನಿಮುದ್ರಿಸಿದ ‘ಬೂಗಿ ಚಿಲ್ಲೆನ್’ನ ಲಯವೇ ಈ ತಂಡದ ಬಂಡವಾಳ. ಆ ಋಣ ತೀರಿಸಲು ಅವರು ಹೂಕರ್‌ರನ್ನೇ ಕರೆದರು. ‘ಹೂಕರ್ ಎನ್ ಹೀಟ್’ ಎಂಬ ಜೋಡಿ ಆಲ್ಬಂನ ಮೊದಲ ಭಾಗದಲ್ಲಿ ಹೂಕರ್ ಒಬ್ಬರೇ: ಗಿಟಾರ್, ಕಂಠ ಮತ್ತು ಪಾದದ ತಾಳ. ಇಡೀ ತಂಡ ಸೇರುವುದು ಕೊನೆಗೆ.

ಹೂಕರ್ ಲೆಕ್ಕದ ಆವರ್ತಕ್ಕೆ ಕಟ್ಟುಬಿದ್ದವರಲ್ಲ. ಮನಸ್ಸು ಬಂದಲ್ಲಿ ತಿರುಗುವವರು. ಪಕ್ಕವಾದ್ಯದವರಿಗೆ ಅದು ಅಗ್ನಿಪರೀಕ್ಷೆ. ತಂಡದ ಆಲನ್ ವಿಲ್ಸನ್ ಮಾತ್ರ ಹಾರ್ಮೋನಿಕಾ ಹಿಡಿದು ನೆರಳಿನಂತೆ ಹಿಂಬಾಲಿಸಿದರು. ಹಿಂದೊಮ್ಮೆ, ವರ್ಷಗಟ್ಟಲೆ ಗಿಟಾರ್ ಬಿಟ್ಟಿದ್ದ ಹಿರಿಯ ಗಾಯಕ ಸನ್ ಹೌಸ್‌ಗೆ ಅವರದೇ ಹಾಡುಗಳನ್ನು ನೆನಪಿಸಿಕೊಟ್ಟವರೂ ಇದೇ ವಿಲ್ಸನ್.

1970ರ ಸೆಪ್ಟೆಂಬರ್ 3ರಂದು, 27ನೆಯ ವಯಸ್ಸಿನಲ್ಲಿ, ವಿಲ್ಸನ್ ತೀರಿಕೊಂಡರು. ಆಲ್ಬಂ ಹೊರಬಂದದ್ದು 1971ರಲ್ಲಿ. ಅದರ ಹೊದಿಕೆಯ ಚಿತ್ರದಲ್ಲಿ ಹೂಕರ್ ಮತ್ತು ಗೆಳೆಯರಿದ್ದಾರೆ. ವಿಲ್ಸನ್ ಹಿಂದಿನ ಗೋಡೆಯ ಮೇಲೆ ಪಟವಾಗಿದ್ದಾರೆ. ಜೊತೆಗೂಡಿ ನುಡಿಸುವುದೆಂದರೆ ಮೊದಲು ಕಿವಿಗೊಡುವುದು ಎಂಬ ಅವರ ಪಾಠವಂತೂ ಆ ತಟ್ಟೆಯಲ್ಲಿ ಇನ್ನೂ ಕೇಳಿಸುತ್ತಿದೆ.