ಚೀಲದೊಳಗಿನ ಕಳ್ಳ
(ಗಿರಣಿ ಕೆಲಸಗಾರರ ಮತ್ತು ಚಿಲ್ಲರೆ ವರ್ತಕರ ಕೂಡುಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ಬೆಲೆಯೇರಿಕೆಗಳ ವಿಚಾರ ಕೇಳಲು ಬಂದ ನಿಮಗೆ ಈ ದಿನ ನಾವು ಪತಂಗದ ಮಾತು ಹೇಳಹೊರಟಿರುವುದು ವಿಚಿತ್ರವಾಗಿ ತೋರಬಹುದು. ಆದರೆ ಹೋದ ತಿಂಗಳು ನಮ್ಮ ಬೀದಿಯಲ್ಲಿ ನಡೆದ ಜಗಳವನ್ನು ನೀವೆಲ್ಲ ಕಂಡಿದ್ದೀರಿ. ಕೆಲಸಗಾರನೊಬ್ಬನ ಮನೆಯಲ್ಲಿ ಅರ್ಧ ಚೀಲ ಜೋಳ ಬಲೆ ಕಟ್ಟಿ ಗಂಟುಗಂಟಾಯಿತು. "ಹುಳ ಬಿದ್ದ ಮಾಲು ಕೊಟ್ಟೆ" ಎಂದು ಅವನು, "ನನ್ನ ಅಂಗಡಿಯಲ್ಲಿ ಚೆನ್ನಾಗಿಯೇ ಇತ್ತು, ನಿನ್ನ ಮನೆಯಲ್ಲಿ ಕೆಟ್ಟಿತು" ಎಂದು ಅಂಗಡಿಯವನು. ಸಾಲದ ಲೆಕ್ಕದ ಪುಸ್ತಕ ಬೀದಿಗೆ ಬಂತು. ಹತ್ತು ವರ್ಷದ ವ್ಯವಹಾರ ಮುರಿಯಿತು. ನಾವು ಹೇಳುವುದಿಷ್ಟೆ: ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಅದು ಹೇಗೆಂಬುದೇ ಇಂದಿನ ಮಾತು.

ಹಾರಾಡುವ ಪತಂಗ ಕಾಳು ತಿನ್ನುವುದಿಲ್ಲ. ಅದು ಒಂದೆರಡು ವಾರ ಬದುಕಿ, ಮೊಟ್ಟೆಯಿಟ್ಟು ಸಾಯುತ್ತದೆ. ಆದರೆ ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಅವು ಬರಿಗಣ್ಣಿಗೆ ಕಾಣುವುದು ಕಷ್ಟ. ಅವುಗಳಿಂದ ಹೊರಡುವ ಮರಿಹುಳುವೇ ತಿನ್ನುವ ಕಳ್ಳ. ನಮ್ಮ ಸೆಕೆಯಲ್ಲಿ ತಿಂಗಳು, ಒಂದೂವರೆ ತಿಂಗಳೊಳಗೆ ಮೊಟ್ಟೆಯಿದ್ದದ್ದು ಪತಂಗವಾಗುತ್ತದೆ. ಅಂಗಡಿಯಲ್ಲಿ ಶುದ್ಧವಾಗಿ ಕಂಡ ಚೀಲ ಮನೆಯಲ್ಲಿ ಬಲೆ ಕಟ್ಟುವುದು ಹೀಗೆ. ಮೊಟ್ಟೆ ಅಂಗಡಿಯಲ್ಲಿ, ಇಲ್ಲವೆ ಅದಕ್ಕೂ ಹಿಂದೆ ಮಂಡಿಯಲ್ಲಿ, ಹುಳು ಮನೆಯಲ್ಲಿ.

ಈ ಕಳ್ಳರಲ್ಲಿ ಮುಖ್ಯರು ಮೂವರು. ಮೊದಲನೆಯದು ಭತ್ತದ ಪತಂಗ. ಒಣಹುಲ್ಲಿನ ಬಣ್ಣ, ಬಹಳ ಸಣ್ಣದು, ರೆಕ್ಕೆಯ ಅಂಚಿಗೆ ಕುಚ್ಚಿನಂಥ ಕೂದಲು. ಇದರ ಮರಿಹುಳು ಭತ್ತ, ಜೋಳ, ಮುಸುಕಿನ ಜೋಳ, ಗೋಧಿಯ ಒಂದೇ ಕಾಳಿನೊಳಗೆ ಹೊಕ್ಕು, ಅಲ್ಲೇ ತಿಂದು ಬೆಳೆದು, ದುಂಡನೆಯ ಕಿಂಡಿಯಿಂದ ಪತಂಗವಾಗಿ ಹೊರಬರುತ್ತದೆ. ಹೊಲದಲ್ಲಿ ತೆನೆಯ ಮೇಲೆಯೇ ಇದು ಮೊಟ್ಟೆಯಿಡುವುದೂ ಉಂಟು. ಒಂದು ಹಿಡಿ ಕಾಳನ್ನು ನೀರಿಗೆ ಹಾಕಿ ನೋಡಿ, ಒಳಗೆ ಟೊಳ್ಳಾದದ್ದು ತೇಲುತ್ತದೆ.

ಎರಡನೆಯದು ಅಕ್ಕಿ ಪತಂಗ. ಬೂದು ಮಿಶ್ರಿತ ಕಂದು, ರೆಕ್ಕೆಯ ಮೇಲೆ ಎದ್ದು ಕಾಣುವ ಗುರುತಿಲ್ಲ. ಅಕ್ಕಿ, ನುಚ್ಚು, ರವೆ, ಜೋಳ, ಕಡಲೆಕಾಯಿ ಬೀಜ ಯಾವುದನ್ನೂ ಬಿಡುವುದಿಲ್ಲ. ಕಾಳುಗಳನ್ನು ನೂಲಿನಿಂದ ಹೆಣೆದು ಗಂಟು ಮಾಡುವುದು ಇದೇ. ನಮ್ಮ ಬೀದಿಯ ಜಗಳಕ್ಕೆ ಕಾರಣವಾದದ್ದೂ ಇದೇ. ಮೂರನೆಯದರ ಗುರುತು ಸುಲಭ: ರೆಕ್ಕೆ ಬುಡದಲ್ಲಿ ತಿಳಿ ಬಣ್ಣ, ತುದಿಯಲ್ಲಿ ತಾಮ್ರದ ಬಣ್ಣ. ಹಿಟ್ಟು, ಒಣಹಣ್ಣು, ಮುಸುಕಿನ ಜೋಳ ಇದರ ಆಹಾರ. ಕಾಳಿನ ಮೊಳಕೆಯ ಭಾಗ ಇದಕ್ಕೆ ಬಲು ಇಷ್ಟ. ಹಾಗಾಗಿ ಅಂಥ ಕಾಳು ಬಿತ್ತನೆಗೆ ಬಾರದು.

ಇದು ನಮ್ಮ ಊರಿನ ಶನಿಯಷ್ಟೇ ಅಲ್ಲ. ಫ್ರಾನ್ಸ್ ದೇಶದ ಅಂಗೂಮ್ವಾ ಎಂಬ ಸೀಮೆಯಲ್ಲಿ ಭತ್ತದ ಪತಂಗ ಗೋಧಿಯನ್ನು ಹಾಳುಮಾಡಿದಾಗ, 1760ರಲ್ಲಿ ಅಲ್ಲಿನ ವಿಜ್ಞಾನ ಅಕಾಡೆಮಿ ದ್ಯುಹಾಮೆಲ್ ಮತ್ತು ತಿಯೆ ಎಂಬಿಬ್ಬರನ್ನು ಕಳಿಸಿತು. ಅವರ ಪುಸ್ತಕ 1762ರಲ್ಲಿ ಹೊರಬಂತು. ಅವರು ಹೇಳಿದ ಮುಖ್ಯ ಮದ್ದು ಶಾಖ: ಕಾಳನ್ನು ಒಲೆಗೂಡಿನಲ್ಲಿ ಬಿಸಿಮಾಡುವುದು. ನಮಗೆ ಆ ಒಲೆಯ ಖರ್ಚೂ ಇಲ್ಲ. ಬೇಸಿಗೆಯ ಬಿಸಿಲು ಬಿಟ್ಟಿ ಸಿಗುತ್ತದೆ.

ಈಗ ಮಾಡಬೇಕಾದ್ದೇನು? ಕಾಳನ್ನು ತೆಳ್ಳಗೆ ಹರಡಿ, ಚುರುಗುಟ್ಟುವ ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿ. ಹಲ್ಲಿನಲ್ಲಿ ಕಚ್ಚಿದರೆ ಕಟ್ಟೆಂದು ಮುರಿಯಬೇಕು. ನೂರು ಕಿಲೋ ಕಾಳಿನಲ್ಲಿ ಹನ್ನೆರಡು ಕಿಲೋಗಿಂತ ಹೆಚ್ಚು ನೀರಿನಂಶ ಉಳಿಯಬಾರದು. ಆರಿದ ಮೇಲೆ ಜರಡಿ ಹಿಡಿದು ನುಚ್ಚು, ಹೊಟ್ಟು ತೆಗೆಯಿರಿ, ಅಕ್ಕಿ ಪತಂಗಕ್ಕೆ ನುಚ್ಚೇ ಹಬ್ಬದೂಟ. ರವೆಯನ್ನು ಹುರಿದಿಡಿ. ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಕುತ್ತಿಗೆಮಟ್ಟ ತುಂಬಿಡಿ, ಒಳಗಿನ ಗಾಳಿ ಮುಗಿದರೆ ಹುಳವೂ ಮುಗಿಯುತ್ತದೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕಾಪಾಡಿದ್ದರ ಗುಟ್ಟೂ ಇದೇ.

ವರ್ತಕ ಮಿತ್ರರಿಗೆ ಬೇರೆ ಮಾತಿದೆ. ನಿಮ್ಮ ಅಂಗಡಿಗೆ ಶತ್ರು ಬರುವುದು ಹಳೆಯ ಗೋಣಿಚೀಲದ ಹೊಲಿಗೆಯಲ್ಲಿ. ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸದೆ ಮತ್ತೆ ತುಂಬಬೇಡಿ. ಚೀಲಗಳನ್ನು ನೆಲಕ್ಕಿಡದೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಜೋಡಿಸಿ. ಮೂಲೆಯ ಕಸದಲ್ಲಿ ಉಳಿದ ಹಿಡಿ ಕಾಳು ಹೊಸ ಮಾಲಿಗೆಲ್ಲ ಬೀಜವಾಗುತ್ತದೆ. ಮೊದಲು ಬಂದ ಚೀಲ ಮೊದಲು ಹೋಗಲಿ.

ಒಂದು ಎಚ್ಚರಿಕೆ. ಚೀಲದಲ್ಲಿ ಗ್ಯಾಸಿನ ಮಾತ್ರೆ ಇಡುವ ಅಭ್ಯಾಸ ಕೆಲವೆಡೆ ಉಂಟು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ವಿಷದ ಗಾಳಿ ಬಿಡುತ್ತದೆ. ಆ ವಿಷಕ್ಕೆ ಪ್ರತಿಮದ್ದಿಲ್ಲ. ಅದು ತರಬೇತಾದವರು ಗೋದಾಮಿನಲ್ಲಿ ಬಳಸುವ ವಸ್ತು. ಜನ ಮಲಗುವ ಮನೆಗೆ, ಮನೆಗೆ ಅಂಟಿದ ಅಂಗಡಿಗೆ ಅದು ಬರಲೇಬಾರದು. ಹಿಂದೆ ಧಾರಾಳವಾಗಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ನಮ್ಮ ದೇಶದಲ್ಲಿ 1997ರಲ್ಲಿ ನಿಷೇಧಿಸಲಾಯಿತು. ಒಂದು ಚೀಲ ಜೋಳ ಉಳಿಸಲು ಹೋಗಿ ಒಂದು ಮಗುವನ್ನು ಕಳೆದುಕೊಳ್ಳುವುದು ಯಾವ ಲೆಕ್ಕ?

ಕೊನೆಗೆ ಜಗಳದ ಮಾತಿಗೆ ಬರೋಣ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ, ಅವರ ದೂರುಗಳಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಮೋಸವೂ ಒಂದು. ಕಷ್ಟಪಟ್ಟವನ ಕಾಳು ಅಳತೆಯಲ್ಲೇ ಮಾಯವಾಗುತ್ತಿತ್ತು. ಇಂದು ಕಾಳು ಚೀಲದೊಳಗೇ ಮಾಯವಾಗುತ್ತಿದೆ. ದೊಡ್ಡ ಗೋದಾಮಿನವನು ಹುಳ ಬಿದ್ದ ಮಾಲನ್ನು ಚಿಲ್ಲರೆ ಅಂಗಡಿಗೆ ಸಾಗಿಸಿ ಕೈತೊಳೆದುಕೊಳ್ಳುತ್ತಾನೆ. ನಷ್ಟ ಮಾತ್ರ ಅಂಗಡಿಯವನಿಗೂ ಕೆಲಸಗಾರನಿಗೂ. ಇವರಿಬ್ಬರು ಬೀದಿಯಲ್ಲಿ ಕಚ್ಚಾಡಿದರೆ ಅವನಿಗೆ ಲಾಭವೇ.

ಆದ್ದರಿಂದ ನಾವು ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಮಂಡಿಯಲ್ಲಾಗಲಿ, ನ್ಯಾಯಬೆಲೆ ಅಂಗಡಿಯಲ್ಲಾಗಲಿ ತೂಕಕ್ಕೆ ಮುಂಚೆ ಚೀಲ ಬಿಚ್ಚಿ ನೋಡಬೇಕು. ಬಲೆ, ಕಿಂಡಿ ಕಂಡರೆ ಎಲ್ಲ ವರ್ತಕರೂ ಒಟ್ಟಾಗಿ ಮಾಲನ್ನು ಹಿಂದಕ್ಕೆ ಕಳಿಸಬೇಕು. ಬೀದಿಗೊಂದು ಜರಡಿ, ಚೀಲ ಕುದಿಸಲು ಒಂದು ಕೊಪ್ಪರಿಗೆಯನ್ನು ಕೂಡಿ ಕೊಳ್ಳಬೇಕು. ಕೊಂಡ ಒಂದು ತಿಂಗಳೊಳಗೆ ಬಲೆ ಕಟ್ಟಿದರೆ ನಷ್ಟವನ್ನು ಅಂಗಡಿಯವನೂ ಗಿರಾಕಿಯೂ ಸಮಪಾಲು ಹೊರಬೇಕು.

ಆ ಇಬ್ಬರೂ ಈ ಸಭೆಯಲ್ಲಿದ್ದಾರೆ. ಮುರಿದ ಲೆಕ್ಕವನ್ನು ಇಲ್ಲೇ ಕೂಡಿಸಿಕೊಳ್ಳಲಿ ಎಂಬುದು ನಮ್ಮ ವಿನಂತಿ. ಬರುವ ಭಾನುವಾರ ಬೆಳಿಗ್ಗೆ ಜರಡಿ ಹಿಡಿಯುವ ಕೆಲಸವನ್ನು ಅದೇ ಅಂಗಡಿಯ ಮುಂದೆ ಆರಂಭಿಸೋಣ. ಮೊರವಿದ್ದವರು ಮೊರ ತನ್ನಿ.