ಮೂಲವ್ಯಾಧಿ: ಲೇಸರೋ, ತೆರೆದ ಶಸ್ತ್ರಚಿಕಿತ್ಸೆಯೋ?



ವೇದಿಕೆಯ ಮೇಲೆ ಮೂಲವ್ಯಾಧಿಯ ಮಾತೇ ಎಂದು ದಯವಿಟ್ಟು ನಗಬೇಡಿ. ನಾಚಿಕೆಯಿಂದ ನಾನು ಮೂರು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಬ್ಯಾಂಕಿನ ಕುರ್ಚಿಯಲ್ಲಿ ಓರೆಯಾಗಿ ಕೂತು ಸಾಲದ ಫೈಲು ನೋಡುತ್ತಿದ್ದೆ. ರಕ್ತ ಹೋಗುತ್ತಿದ್ದರೂ ಮನೆಯಾಕೆಗೆ ಹೇಳಲಿಲ್ಲ. ಕೊನೆಗೆ ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ ಎಲ್ಲರಿಗೂ ಗೊತ್ತಾಯಿತು.

ಮೊದಲು ಹೋದ ಕಡೆ, ಸರಿಯಾಗಿ ನೋಡುವ ಮುಂಚೆಯೇ, "ಲೇಸರ್ ಮಾಡಿಸಿ, ಸಂಜೆ ಮನೆಗೆ ಹೋಗಿ" ಎಂದರು. ಎರಡನೆಯ ಸರ್ಜನ್ ಪರೀಕ್ಷಿಸಿ, "ಇದು ನಾಲ್ಕನೇ ಹಂತ, ಹೊರಬಂದದ್ದು ಒಳಗೆ ಹೋಗುವುದಿಲ್ಲ, ತೆರೆದ ಶಸ್ತ್ರಚಿಕಿತ್ಸೆಯೇ ಸರಿ" ಎಂದರು.

ಲೆಕ್ಕದವನಾದ್ದರಿಂದ ಜಮಾ-ಖರ್ಚು ಬರೆದುಕೊಂಡೆ. ಲೇಸರಿನಲ್ಲಿ ತೆಳು ಫೈಬರನ್ನು ಗಂಟಿನೊಳಗೆ ತೂರಿಸಿ, ಶಾಖದಿಂದ ಕುಗ್ಗಿಸುತ್ತಾರೆ. ನೋವು ಕಡಿಮೆ, ಬೇಗ ಕೆಲಸಕ್ಕೆ ಮರಳಬಹುದು. ಆದರೆ ಮರುಕಳಿಸುವ ಸಂಭವ ಹೆಚ್ಚು. ತೆರೆದ ವಿಧಾನದಲ್ಲಿ ಗಂಟನ್ನೇ ಕತ್ತರಿಸಿ ತೆಗೆದು, ಗಾಯ ತಾನಾಗಿ ಮಾಯಲು ಬಿಡುತ್ತಾರೆ. 1937ರಲ್ಲಿ ಲಂಡನ್ನಿನ ಮಿಲಿಗನ್, ಮಾರ್ಗನ್ ಮೊದಲಾದವರು ವಿವರಿಸಿದ ಕ್ರಮ ಇಂದಿಗೂ ನಡೆಯುತ್ತಿದೆ. ನೋವು ಸುಳ್ಳಲ್ಲ, ಮೊದಲ ವಾರ ಟಬ್ಬಿನ ಬೆಚ್ಚಗಿನ ನೀರೇ ನನಗೆ ದೇವರಾಗಿತ್ತು. ಗಾಯ ಮಾಯಲು ಕೆಲವು ವಾರ ಬೇಕಾಯಿತು. ಆದರೆ ರೋಗ ಮರಳಿ ಬರುವುದು ಕಡಿಮೆ. ನನಗೆ ಐದು ವರ್ಷವಾಯಿತು, ಬಂದಿಲ್ಲ.

ಆರಂಭದ ಹಂತದಲ್ಲಿ ಸಾಮಾನ್ಯವಾಗಿ ಎರಡೂ ಬೇಡ. ಸೊಪ್ಪು, ಕಾಳು, ನೀರು, ಶೌಚದಲ್ಲಿ ತಿಣುಕದಿರುವುದು. ಬೇಕಾದರೆ ಗಂಟಿಗೆ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಇನ್ನೊಂದು ನೆನಪಿಡಿ: ರಕ್ತ ಹೋದದ್ದೆಲ್ಲ ಮೂಲವ್ಯಾಧಿಯಲ್ಲ. ಕರುಳಿನ ಕ್ಯಾನ್ಸರಿನಲ್ಲೂ ರಕ್ತ ಹೋಗುತ್ತದೆ. ಆದ್ದರಿಂದ ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನಮ್ಮ ನೆರವು ನಿಧಿಗೆ ಅರ್ಜಿ ಹಾಕುವವರಲ್ಲಿ ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವ ನಮ್ಮ ಹುಡುಗರಿದ್ದಾರೆ. ನನಗೆ ಆಗ ರಜೆಯಿತ್ತು, ಸಂಬಳ ಬಂತು. ಅವರಿಗೆ ರಜೆಯೆಂದರೆ ಸಂಬಳ ಇಲ್ಲ. ದುಡ್ಡಿಲ್ಲದೆ ಮೂರನೇ ದಿನಕ್ಕೇ ಕೆಲಸಕ್ಕೆ ಹೋದರೆ ಗಾಯ ಮಾಯುವುದು ಹೇಗೆ? ಹಾಗೆಂದು ನಾಲ್ಕನೇ ಹಂತದವನಿಗೆ ಬೇಗ ಏಳಲೆಂದು ಲೇಸರ್ ಮಾಡಿಸಿ, ಮತ್ತೆ ಬಂದರೆ ಎರಡು ಬಿಲ್ಲು.

ಆದ್ದರಿಂದ ನನ್ನ ವಿನಂತಿ ಇಷ್ಟೇ. ಚಿಕಿತ್ಸೆ ಯಾವುದೆಂದು ರೋಗದ ಹಂತ ನೋಡಿ ಸರ್ಜನ್ ನಿರ್ಧರಿಸಲಿ, ಜಾಹೀರಾತು ಬೇಡ. ನಮ್ಮ ನಿಧಿ ಆಸ್ಪತ್ರೆಯ ಬಿಲ್ಲಿನ ಜೊತೆಗೆ ಆ ಕೆಲವು ವಾರಗಳ ಊಟ, ಬಾಡಿಗೆಯನ್ನೂ ಭರಿಸುವಂತಾಗಲಿ. ನಿಮ್ಮ ದೇಣಿಗೆ ಅದಕ್ಕೆ ಬೇಕು. ಈ ಕಾಯಿಲೆ ಇರುವವರು ನನ್ನಂತೆ ಮೂರು ವರ್ಷ ಕಾಯಬೇಡಿ.